‘ತಕ್ಕದ್ದು’ ಮತ್ತು ‘ಬಹುದು’: ಎರಡು ಇಂಗ್ಲಿಷ್ ಪದಗಳ ಕುರಿತು

(ಸಂಘದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ಉಪನ್ಯಾಸದ ವಿಷಯ ಇಂಗ್ಲಿಷಿನ ‘ಶಲ್’ ಮತ್ತು ‘ಮೇ’ ಎಂಬ ಎರಡು ಪುಟ್ಟ ಪದಗಳೆಂದು ಆಹ್ವಾನಪತ್ರಿಕೆಯಲ್ಲಿ ಓದಿದ ಕೆಲವರು, ಕನ್ನಡ ಸಂಘದ ವೇದಿಕೆಯಲ್ಲಿ ಇಂಗ್ಲಿಷ್ ವ್ಯಾಕರಣದ ಪಾಠವೇಕೆ ಎಂದು ಕಾರ್ಯದರ್ಶಿಗಳನ್ನು ಕೇಳಿದರಂತೆ. ಪ್ರಶ್ನೆ ನ್ಯಾಯವಾದದ್ದೇ. ನಾನು ವ್ಯಾಕರಣದ ಅಧ್ಯಾಪಕನಲ್ಲ. ಕೇಂದ್ರ ಸರ್ಕಾರದ ಕಡತಗಳ ನಡುವೆ ಮೂರು ದಶಕ ಕಳೆದ ಒಬ್ಬ ಅಧಿಕಾರಿ. ಆ ಕಡತಗಳಲ್ಲಿ ನನಗೆ ಅತಿ ಹೆಚ್ಚು ಕೆಲಸ ಕೊಟ್ಟ ಪದಗಳು ಸಂಸ್ಕೃತದಷ್ಟು ಉದ್ದದ ಪಾರಿಭಾಷಿಕಗಳಲ್ಲ, ಈ ಎರಡು ಗಿಡ್ಡ ಪದಗಳೇ. ಹೊರನಾಡಿನಲ್ಲಿ ನೆಲಸಿರುವ ನಮ್ಮ ಶಾಲೆ, ನಮ್ಮ ಅರ್ಜಿ, ನಮ್ಮ ಮಕ್ಕಳ ಮಾತೃಭಾಷೆ ಇವುಗಳ ಹಣೆಬರಹವೆಲ್ಲ ಸಂವಿಧಾನದಲ್ಲಿ ಈ ಎರಡು ಪದಗಳ ಮೇಲೆಯೇ ನಿಂತಿದೆ. ಹಾಗಾಗಿ ಇದು ನಮ್ಮ ಮನೆಯ ವಿಷಯವೇ.

ಶಾಲೆಯಲ್ಲಿ ನಾವೆಲ್ಲ ರೆನ್ ಮತ್ತು ಮಾರ್ಟಿನ್ ವ್ಯಾಕರಣವನ್ನು ಉರುಹೊಡೆದವರು. ಉತ್ತಮಪುರುಷಕ್ಕೆ ‘ಶಲ್’, ಉಳಿದವಕ್ಕೆ ‘ವಿಲ್’. ಒತ್ತಾಯ ಅಥವಾ ವಚನವನ್ನು ಹೇಳುವಾಗ ಅದು ತಿರುಗುಮುರುಗು. ‘ಮೇ’ ಎಂದರೆ ಅನುಮತಿ ಅಥವಾ ಸಂಭವ. ಪರೀಕ್ಷೆಯಲ್ಲಿ ಉತ್ತೀರ್ಣರಾಗಲು ಅಷ್ಟು ಸಾಕಾಗುತ್ತಿತ್ತು. ಆದರೆ ಶಾಸನದ ಇಂಗ್ಲಿಷು ಶಾಲೆಯ ಇಂಗ್ಲಿಷಲ್ಲ. ಅಲ್ಲಿ ‘ಶಲ್’ ಭವಿಷ್ಯತ್ಕಾಲವನ್ನು ಹೇಳುವುದಿಲ್ಲ, ಬಾಧ್ಯತೆಯನ್ನು ಹೇಳುತ್ತದೆ. ‘ಮೇ’ ಸಂಭವವನ್ನು ಹೇಳುವುದಿಲ್ಲ, ಅಧಿಕಾರವನ್ನು ಕೊಡುತ್ತದೆ.

ಈ ಪದಗಳ ಹುಟ್ಟನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಶಲ್’ ಪದದ ಮೂಲರೂಪಕ್ಕೆ ‘ನಾನು ಸಾಲಗಾರನಾಗಿದ್ದೇನೆ, ತೀರಿಸಬೇಕಾಗಿದೆ’ ಎಂಬ ಅರ್ಥವಿತ್ತು. ಅದೇ ಕುಲದ ಜರ್ಮನ್ ಪದ ‘ಶುಲ್ಡ್’ ಇಂದಿಗೂ ಸಾಲವನ್ನೂ ತಪ್ಪನ್ನೂ ಒಟ್ಟಿಗೆ ಹೇಳುತ್ತದೆ. ‘ಮೇ’ ಪದದ ಮೂಲದಲ್ಲಿರುವುದು ಬಲ, ಸಾಮರ್ಥ್ಯ. ‘ಮೈಟ್’ ಎಂಬ ಶಕ್ತಿವಾಚಕ ಅದರ ಒಡಹುಟ್ಟು, ಜರ್ಮನಿನ ‘ಮಾಖ್ಟ್’ ಅದರ ದಾಯಾದಿ. ಒಂದು ಪದ ಋಣದ್ದು, ಇನ್ನೊಂದು ಬಲದ್ದು. ಶಾಸನದಲ್ಲಿ ‘ಶಲ್’ ಕಂಡಾಗ ‘ಇಲ್ಲಿ ಸಾಲಗಾರ ಯಾರು, ಸಾಲ ಯಾರಿಗೆ ಸಲ್ಲಬೇಕು’ ಎಂದು ಕೇಳಬೇಕು. ‘ಮೇ’ ಕಂಡಾಗ ‘ಇಲ್ಲಿ ಬಲ ಯಾರ ಕೈಯಲ್ಲಿದೆ’ ಎಂದು ಕೇಳಬೇಕು. ನಾನು ಇಷ್ಟು ವರ್ಷ ಮಾಡಿದ್ದು ಹೆಚ್ಚುಕಡಿಮೆ ಇದೇ ಕೆಲಸ.

ಕನ್ನಡದ ಶಾಸನಭಾಷೆ ಇವಕ್ಕೆ ಕಂಡುಕೊಂಡ ಸಾಟಿಪದಗಳನ್ನು ನಾನು ಬಹಳ ಮೆಚ್ಚುತ್ತೇನೆ. ಕರ್ನಾಟಕದ ಅಧಿನಿಯಮಗಳ ಕನ್ನಡ ಪಾಠದಲ್ಲಿ ‘ಶಲ್’ ಇದ್ದೆಡೆ ‘ಮಾಡತಕ್ಕದ್ದು’, ‘ಮೇ’ ಇದ್ದೆಡೆ ‘ಮಾಡಬಹುದು’ ಎಂದಿರುತ್ತದೆ. ‘ತಕ್ಕದ್ದು’ ಎಂಬುದು ‘ತಗು’ ಧಾತುವಿನಿಂದ ಬಂದದ್ದು. ಒಪ್ಪುವುದು, ಯೋಗ್ಯವಾಗಿರುವುದು ಎಂಬುದು ಅದರ ಅರ್ಥ. ತಕ್ಕ ವರ, ತಕ್ಕ ಶಾಸ್ತಿ ಎಂಬಲ್ಲಿರುವ ‘ತಕ್ಕ’ವೇ ಇದು. ಇಂಗ್ಲಿಷು ಕಾನೂನಿನ ಬಾಧ್ಯತೆಯನ್ನು ಸಾಲದ ಪದದಿಂದ ಹೇಳಿದರೆ ಕನ್ನಡ ಅದನ್ನು ಔಚಿತ್ಯದ ಪದದಿಂದ ಹೇಳಿತು. ‘ಬಹುದು’ ಎಂಬುದು ‘ಬರು’ ಧಾತುವಿನ ಹಳೆಯ ರೂಪ. ‘ಮಾಡಬಹುದು’ ಎಂದರೆ ಮೂಲದಲ್ಲಿ ‘ಮಾಡಲು ಬರುತ್ತದೆ’ ಎಂದಂತೆ. ಅದರ ನಿಷೇಧರೂಪವೇ ‘ಬಾರದು’.

ಇಲ್ಲಿ ಕನ್ನಡ ಇಂಗ್ಲಿಷನ್ನು ಮೀರಿಸಿದ ಒಂದು ಸೂಕ್ಷ್ಮವಿದೆ. ‘ಮೇ’ ಪದಕ್ಕೆ ‘ನಾಟ್’ ಸೇರಿಸಿದಾಗ ಇಂಗ್ಲಿಷಿನಲ್ಲಿ ಎರಡರ್ಥ ಹುಟ್ಟುತ್ತದೆ. ಅಧಿಕಾರಿ ಅನುಮತಿಯನ್ನು ಕೊಡದೆ ಇರಲೂಬಹುದು ಎಂದು ಒಂದು ಅರ್ಥ, ಅಧಿಕಾರಿ ಅನುಮತಿಯನ್ನು ಕೊಡಲೇಬಾರದು ಎಂದು ಇನ್ನೊಂದು. ಒಂದರಲ್ಲಿ ಸ್ವಾತಂತ್ರ್ಯವಿದೆ, ಇನ್ನೊಂದರಲ್ಲಿ ನಿಷೇಧವಿದೆ. ಕನ್ನಡದಲ್ಲಿ ‘ಕೊಡದಿರಬಹುದು’ ಬೇರೆ, ‘ಕೊಡಬಾರದು’ ಬೇರೆ. ಹಳ್ಳಿಯ ಅನಕ್ಷರಸ್ಥನೂ ಅವನ್ನು ಬೆರಸುವುದಿಲ್ಲ. ಹಿಂದಿಯ ಸಂವಿಧಾನ ಪಾಠವನ್ನು ನೋಡಿದವರಿಗೆ ಇನ್ನೊಂದು ವಿಚಾರ ಗಮನಕ್ಕೆ ಬಂದಿರಬೇಕು. ಅಲ್ಲಿ ‘ಶಲ್’ ಪದಕ್ಕೆ ಬರಿಯ ಭವಿಷ್ಯತ್ಕಾಲವಿದೆ: ‘ಹೋಗೀ’, ‘ಕರೇಗಾ’. ‘ಮೇ’ ಪದಕ್ಕೆ ‘ಸಕೇಗಾ’ ಎಂದಿದೆ. ಭವಿಷ್ಯವಾಣಿಗೂ ಬಾಧ್ಯತೆಗೂ ಅಲ್ಲಿ ಒಂದೇ ಅಂಗಿ. ನಮ್ಮ ‘ತಕ್ಕದ್ದು’ ಅಂತಹ ಸಂದೇಹಕ್ಕೆ ಎಡೆಗೊಡುವುದಿಲ್ಲ. ಇಷ್ಟಾಗಿಯೂ ಕನ್ನಡದಲ್ಲಿ ಕಾನೂನು ಬರೆಯಲಾಗದು ಎನ್ನುವ ವಿದ್ಯಾವಂತರು ನಮ್ಮಲ್ಲೇ ಇದ್ದಾರೆ!

ಎರಡೂ ಪದಗಳು ಒಂದೇ ವಾಕ್ಯದಲ್ಲಿ ಜೊತೆಯಾಗಿ ದುಡಿಯುವುದನ್ನು ಕಾಣಬೇಕಾದರೆ ದಂಡಸಂಹಿತೆಯನ್ನು ತೆರೆಯಬೇಕು. ಮೆಕಾಲೆಯ ಆಯೋಗ ಕರಡು ರಚಿಸಿ 1860ರಲ್ಲಿ ಶಾಸನವಾದ ಭಾರತ ದಂಡಸಂಹಿತೆಯಲ್ಲಿ ಕಳ್ಳತನಕ್ಕೆ ದಂಡಿಸ‘ತಕ್ಕದ್ದು’, ಕಾರಾವಾಸ ಮೂರು ವರ್ಷಗಳವರೆಗೆ ವಿಸ್ತರಿಸ‘ಬಹುದು’ ಎಂಬ ಏರ್ಪಾಡಿತ್ತು. ಅಪರಾಧ ಸಿದ್ಧವಾದ ಮೇಲೆ ದಂಡಿಸುವುದು ನ್ಯಾಯಾಧೀಶರ ಋಣ. ಎಷ್ಟು ದಂಡಿಸಬೇಕೆಂಬುದು ಅವರ ಬಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹೆಸರನ್ನು ಬದಲಿಸಿಕೊಂಡರೂ ಈ ಜೋಡಿಯನ್ನು ಕೈಬಿಟ್ಟಿಲ್ಲ.

ಸಂವಿಧಾನದ 74ನೆಯ ಅನುಚ್ಛೇದದ ಚರಿತ್ರೆಯೂ ಹೀಗೆಯೇ ಬೋಧಪ್ರದವಾದದ್ದು. ರಾಷ್ಟ್ರಪತಿಗೆ ನೆರವು, ಸಲಹೆ ನೀಡಲು ಮಂತ್ರಿಮಂಡಲ ಇರತಕ್ಕದ್ದು ಎಂದಷ್ಟೇ ಮೊದಲು ಇತ್ತು. ಆ ಸಲಹೆಯಂತೆ ರಾಷ್ಟ್ರಪತಿ ನಡೆಯತಕ್ಕದ್ದು ಎಂಬ ಎರಡನೆಯ ‘ಶಲ್’ ಸೇರಿದ್ದು 1976ರ 42ನೆಯ ತಿದ್ದುಪಡಿಯಲ್ಲಿ. 1978ರ 44ನೆಯ ತಿದ್ದುಪಡಿ ಅದಕ್ಕೆ ಒಂದು ‘ಮೇ’ ಪದವನ್ನು ಹೊಂದಿಸಿತು: ರಾಷ್ಟ್ರಪತಿ ಪುನರ್ವಿಮರ್ಶೆಗೆ ಒಂದು ಸಲ ಹಿಂದಿರುಗಿಸಬಹುದು, ಆಮೇಲೆ ಬಂದ ಸಲಹೆಯಂತೆ ನಡೆಯತಕ್ಕದ್ದು. ತುರ್ತುಪರಿಸ್ಥಿತಿಯಲ್ಲಿ ಆದ ಬದಲಾವಣೆ, ಅದು ಕಳೆದ ಮೇಲೆ ಆದ ಮಾರ್ಪಾಟು, ಎರಡಕ್ಕೂ ಈ ಎರಡು ಪದಗಳ ಸ್ಥಾನಪಲ್ಲಟವೇ ಸಾಧನವಾಯಿತು.

ಈಗ ಭಾಷೆಯ ಪ್ರಶ್ನೆಗೆ ಬರುತ್ತೇನೆ. ಒಂದು ‘ಮೇ’ ಪದಕ್ಕಾಗಿ ನಮ್ಮ ದೇಶದಲ್ಲಿ ಜನ ಪ್ರಾಣ ಕೊಟ್ಟದ್ದುಂಟು. ನಮ್ಮ ಮಕ್ಕಳ ಪೀಳಿಗೆಗೆ ಇದು ತಿಳಿದಂತಿಲ್ಲ. ಮದರಾಸಿನಲ್ಲಿದ್ದ ಹಿರಿಯ ಕನ್ನಡಿಗರಿಗೆ ಚೆನ್ನಾಗಿ ನೆನಪಿದೆ. ಸಂವಿಧಾನದ 343ನೆಯ ಅನುಚ್ಛೇದ ಹಿಂದಿಯನ್ನು ಒಕ್ಕೂಟದ ರಾಜಭಾಷೆಯೆಂದು ಹೇಳಿ, ಹದಿನೈದು ವರ್ಷಗಳ ಕಾಲ ಇಂಗ್ಲಿಷು ಮುಂದುವರಿಯತಕ್ಕದ್ದೆಂದಿತು. ಆ ಗಡುವು 1965ರ ಜನವರಿ 26ಕ್ಕೆ ಮುಗಿಯುವುದಿತ್ತು. ಹಿಂದಿಯೇತರ ಜನ ಬಯಸುವವರೆಗೂ ಇಂಗ್ಲಿಷು ಉಳಿಯುವುದೆಂದು 1959ರ ಆಗಸ್ಟ್ 7ರಂದು ಪ್ರಧಾನಿ ನೆಹರೂ ಲೋಕಸಭೆಯಲ್ಲಿ ಭರವಸೆ ನೀಡಿದರು. ಆ ಭರವಸೆಗೆ ಶಾಸನರೂಪ ಕೊಡಲೆಂದು 1963ರಲ್ಲಿ ಗೃಹಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿಯವರು ರಾಜಭಾಷಾ ಮಸೂದೆಯನ್ನು ತಂದರು. ಗಡುವು ಮುಗಿದ ಬಳಿಕವೂ ಹಿಂದಿಯ ಜೊತೆಗೆ ಇಂಗ್ಲಿಷನ್ನು ಬಳಸುತ್ತಿರ‘ಬಹುದು’ ಎಂದು ಅದರ ಮೂರನೆಯ ಪ್ರಕರಣ ಹೇಳಿತು.

ವಿವಾದವೆಲ್ಲ ಈ ‘ಬಹುದು’ವಿನಲ್ಲಿ. ಭರವಸೆಯಲ್ಲಿ ಋಣವಿತ್ತು, ಶಾಸನದಲ್ಲಿ ಬಲ ಮಾತ್ರ ಉಳಿಯಿತು. ಬಳಸಬಹುದಾದದ್ದನ್ನು ಬಳಸದೆಯೂ ಇರಬಹುದಲ್ಲವೆ? ಇಂದಿನ ಸರ್ಕಾರ ಬಳಸೀತು, ನಾಳೆಯ ಸರ್ಕಾರ? ಇಲ್ಲಿ ‘ಮೇ’ ಎಂದರೆ ‘ಶಲ್’ ಎಂದೇ ಅರ್ಥವೆಂದು ನೆಹರೂ ಸಮಾಧಾನ ಹೇಳಿದರು. ಹಾಗಿದ್ದರೆ ‘ಶಲ್’ ಎಂದೇ ಬರೆಯಬಾರದೇಕೆ ಎಂಬುದು ದ್ರಾವಿಡ ಮುನ್ನೇತ್ರ ಕಳಗದವರ ಎದುರುಪ್ರಶ್ನೆ. ರಾಜ್ಯಸಭೆಯಲ್ಲಿ ಅಣ್ಣಾದೊರೆಯವರು ಮಸೂದೆಯನ್ನು ವಿರೋಧಿಸಿದರು. ಇಷ್ಟು ವರ್ಷ ಕಡತ ಓದಿದವನಾಗಿ ಹೇಳುತ್ತೇನೆ: ಆ ಎದುರುಪ್ರಶ್ನೆಗೆ ಉತ್ತರವಿಲ್ಲ. ಎರಡು ಪದಗಳಿಗೂ ಒಂದೇ ಅರ್ಥವೆಂದು ಹೇಳುವವರು ಬಲವಾದ ಪದವನ್ನು ಬರೆಯಲು ಒಪ್ಪದಿದ್ದಾಗ, ಅರ್ಥ ಒಂದೇ ಅಲ್ಲವೆಂದು ಅವರಿಗೂ ಗೊತ್ತಿದೆ ಎಂದೇ ತಿಳಿಯಬೇಕು. ನೆಹರೂ ಪ್ರಾಮಾಣಿಕರಾಗಿರಲಿಲ್ಲ ಎಂದು ಇದರರ್ಥವಲ್ಲ. ಆದರೆ ಶಾಸನ ಅದನ್ನು ಮಾಡಿದವರ ಪ್ರಾಮಾಣಿಕತೆಗಿಂತ ದೀರ್ಘಾಯು. 1964ರ ಮೇ 27ರಂದು ನೆಹರೂ ತೀರಿಕೊಂಡರು, ‘ಮೇ’ ಉಳಿಯಿತು.

1965ರ ಜನವರಿಯಲ್ಲಿ ಮದರಾಸು ರಾಜ್ಯ ಹೊತ್ತಿಕೊಂಡಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಗೋಲಿಬಾರುಗಳಾದವು, ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡರು. ಕೇಂದ್ರದ ಮಂತ್ರಿಗಳಾದ ಸಿ. ಸುಬ್ರಹ್ಮಣ್ಯಂ ಮತ್ತು ಓ.ವಿ. ಅಳಗೇಶನ್ ರಾಜೀನಾಮೆ ಕೊಟ್ಟರು. ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಅವರೊಡನೆ ಬೆಂಗಳೂರಿನಲ್ಲಿ ಕಲೆತು, ಹಿಂದಿಯನ್ನು ಬಲವಂತದಿಂದ ಹೇರಬಾರದೆಂಬ ನಿಲುವು ತಳೆದರು. ಈ ಕಥೆಯನ್ನು ತಮಿಳರ ಕಥೆಯೆಂದು ಮಾತ್ರ ಹೇಳುವವರಿಗೆ ಇದನ್ನು ನೆನಪಿಸಬೇಕು. ಮಸೂದೆ ತಂದಿದ್ದ ಶಾಸ್ತ್ರಿಯವರೇ ಆಗ ಪ್ರಧಾನಿ. ಫೆಬ್ರವರಿ 11ರಂದು ಆಕಾಶವಾಣಿಯಲ್ಲಿ ನೆಹರೂ ಭರವಸೆಯನ್ನು ಪುನರುಚ್ಚರಿಸಿದರು. 1967ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸು ಸೋತು ಅಣ್ಣಾದೊರೆ ಮುಖ್ಯಮಂತ್ರಿಯಾದರು. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಶಾಸನವನ್ನು ತಿದ್ದಿತು.

ತಿದ್ದುಪಡಿಯ ಕುಶಲತೆ ನೋಡತಕ್ಕದ್ದು. ಮೂಲದ ‘ಮೇ’ ಪದವನ್ನು ಅಳಿಸಲಿಲ್ಲ. ಮೂರನೆಯ ಪ್ರಕರಣದ ಮೊದಲ ಉಪಪ್ರಕರಣದಲ್ಲಿ ಅದು ಇಂದಿಗೂ ಇದೆ. ಅದರ ಸುತ್ತ ‘ಶಲ್’ಗಳ ಬೇಲಿ ಹಾಕಿದರು. ಹಿಂದಿಯನ್ನು ರಾಜಭಾಷೆಯಾಗಿ ಅಂಗೀಕರಿಸದ ರಾಜ್ಯಗಳೊಡನೆ ಕೇಂದ್ರದ ಪತ್ರವ್ಯವಹಾರ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ನಿರ್ಣಯ, ಸಾಮಾನ್ಯ ಆದೇಶ, ಅಧಿಸೂಚನೆ, ಕರಾರು, ಲೈಸೆನ್ಸು, ಟೆಂಡರು ನಮೂನೆಗಳಲ್ಲಿ ಹಿಂದಿ, ಇಂಗ್ಲಿಷು ಎರಡೂ ಇರತಕ್ಕದ್ದು. ಹಿಂದಿಯನ್ನು ಅಂಗೀಕರಿಸದ ಎಲ್ಲ ರಾಜ್ಯಗಳ ವಿಧಾನಮಂಡಲಗಳೂ ಇಂಗ್ಲಿಷು ಬೇಡವೆಂದು ನಿರ್ಣಯಿಸಿ, ಅನಂತರ ಸಂಸತ್ತಿನ ಎರಡೂ ಸದನಗಳು ಹಾಗೆಯೇ ನಿರ್ಣಯಿಸುವವರೆಗೆ ಈ ಏರ್ಪಾಡು ಜಾರಿಯಲ್ಲಿರತಕ್ಕದ್ದು. ‘ಮೇ’ ತನ್ನ ಸ್ಥಾನದಲ್ಲೇ ಇದೆ, ಅದರ ಹಲ್ಲು ಕಿತ್ತಿದ್ದಾರೆ. ಇನ್ನೂ ಒಂದು ಸ್ವಾರಸ್ಯ: ಈ ಶಾಸನದಡಿ ಬಂದ 1976ರ ರಾಜಭಾಷಾ ನಿಯಮಗಳು ತಮಿಳುನಾಡನ್ನು ಬಿಟ್ಟು ಉಳಿದ ಇಡೀ ಭಾರತಕ್ಕೆ ಅನ್ವಯಿಸುತ್ತವೆ ಎಂದು ಅವುಗಳ ಮೊದಲ ನಿಯಮದಲ್ಲೇ ಇದೆ. ಕರ್ನಾಟಕ ಆ ವಿನಾಯಿತಿಯಲ್ಲಿಲ್ಲ.

‘ಮೇ’ ಎಂದಾಗಲೂ ಋಣ ಹುಟ್ಟುವುದುಂಟು ಎಂಬುದನ್ನೂ ಹೇಳಬೇಕು. 1880ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಆಕ್ಸ್‌ಫರ್ಡಿನ ಬಿಷಪ್ಪರ ವಿರುದ್ಧ ಜೂಲಿಯಸ್ ಎಂಬುವರ ಮೊಕದ್ದಮೆ ಬಂದಿತ್ತು. ಒಬ್ಬ ಪಾದ್ರಿಯ ಪೂಜಾವಿಧಿಯ ಬಗ್ಗೆ ದೂರು. ವಿಚಾರಣೆ ನಡೆಸುವ ಅಧಿಕಾರ ಬಿಷಪ್ಪರಿಗಿತ್ತು, ಅವರು ನಡೆಸಲು ಒಪ್ಪಲಿಲ್ಲ. ಆ ಮೊಕದ್ದಮೆಯಲ್ಲಿ ಗೆದ್ದದ್ದು ಬಿಷಪ್ಪರೇ. ಆದರೆ ತೀರ್ಪಿನಲ್ಲಿ ಲಾರ್ಡ್ ಕೇರ್ನ್ಸ್ ಹೇಳಿದ ತತ್ವ ಉಳಿದುಕೊಂಡಿತು: ಬರಿಯ ಅಧಿಕಾರ ಕೊಡುವ ಪದವಿದ್ದರೂ, ಯಾರ ಹಿತಕ್ಕಾಗಿ ಆ ಅಧಿಕಾರವನ್ನು ಕೊಟ್ಟಿದೆಯೋ ಅವರು ಬಂದು ಕೇಳಿದಾಗ ಅದನ್ನು ಚಲಾಯಿಸುವುದು ಕರ್ತವ್ಯವಾಗಬಹುದು. ನಮ್ಮ ಸುಪ್ರೀಂ ಕೋರ್ಟು ಇದನ್ನು ಬಹಳ ಬೇಗ ಸ್ವೀಕರಿಸಿತು, ಅದೂ ನಮ್ಮ ಅಂಧೇರಿಯ ಒಂದು ಸಿನಿಮಾ ಮಂದಿರದ ಮೊಕದ್ದಮೆಯಲ್ಲಿ. ಮುಂಬಯಿಯ ಪೊಲೀಸ್ ಕಮಿಷನರು 1947ರಲ್ಲಿ ಗೋರ್ಧನದಾಸ್ ಭಾನ್‌ಜಿ ಎಂಬುವರಿಗೆ ಕೊಟ್ಟಿದ್ದ ಅನುಮತಿಯನ್ನು ಸರ್ಕಾರದ ನಿರ್ದೇಶದಂತೆ ರದ್ದಾಗಿದೆಯೆಂದು ತಿಳಿಸಿದರು. 1951ರಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು, ನಿಯಮ ಅಧಿಕಾರವನ್ನು ಕಮಿಷನರಿಗೆ ಕೊಟ್ಟಿರುವಾಗ ಅದನ್ನು ಅವರೇ ಸ್ವಂತ ವಿವೇಚನೆಯಿಂದ ಚಲಾಯಿಸಬೇಕೆಂದೂ, ಆ ಅಧಿಕಾರದೊಡನೆ ಕರ್ತವ್ಯವೂ ಬೆಸೆದುಕೊಂಡಿದೆಯೆಂದೂ ಹೇಳಿದರು. ‘ಮೇ’ ಪದ ಕೊಡುವ ಬಲವನ್ನು ಕೈಯಲ್ಲಿ ಹಿಡಿದವನು ಅದನ್ನು ಇನ್ನೊಬ್ಬರಿಗೆ ಒಪ್ಪಿಸಿ ತಾನು ಸುಮ್ಮನಿರುವಂತಿಲ್ಲ.

ಪ್ರತಿಯಾಗಿ ‘ಶಲ್’ ಸಡಿಲವಾಗುವುದೂ ಉಂಟು. ಶಿಸ್ತುಕ್ರಮಗಳಲ್ಲಿ ಲೋಕಸೇವಾ ಆಯೋಗವನ್ನು ಸಮಾಲೋಚಿಸತಕ್ಕದ್ದೆಂದು 320ನೆಯ ಅನುಚ್ಛೇದ ಹೇಳುತ್ತದೆ. ಉತ್ತರಪ್ರದೇಶದ ಮನಬೋಧನ್ ಲಾಲ್ ಶ್ರೀವಾಸ್ತವ ಅವರ ಮೊಕದ್ದಮೆಯಲ್ಲಿ 1957ರಲ್ಲಿ ಸುಪ್ರೀಂ ಕೋರ್ಟು, ಆ ‘ಶಲ್’ ನಿರ್ದೇಶಕವೇ ಹೊರತು ಕಡ್ಡಾಯವಲ್ಲ, ಸಮಾಲೋಚಿಸದ ಮಾತ್ರಕ್ಕೆ ಆದೇಶ ಅಸಿಂಧುವಾಗದು ಎಂದಿತು. ನನ್ನಂತಹ ಸರ್ಕಾರಿ ನೌಕರರಿಗೆ ಇದು ಹಿತವಾದ ತೀರ್ಪಲ್ಲ. ಇಂತಹ ಗೊಂದಲಗಳಿಂದ ಬೇಸತ್ತೇ ಹಲವು ದೇಶಗಳ ಶಾಸನಕಾರರು ‘ಶಲ್’ ಬಿಟ್ಟು ‘ಮಸ್ಟ್’ ಪದಕ್ಕೆ ಹೊರಳಿದ್ದಾರೆ. ದಕ್ಷಿಣ ಆಫ್ರಿಕಾದ 1996ರ ಸಂವಿಧಾನ ಹಾಗೆ ಬರೆದದ್ದು. ನಮ್ಮ ಕರಡುಗಾರರು ಹಳೆಯ ಪದವನ್ನು ಬಿಟ್ಟಿಲ್ಲ.

ಇನ್ನು ಕಚೇರಿಯ ‘ಮೇ’. ಇದು ಯಾವ ನಿಘಂಟಿನಲ್ಲೂ ಪೂರ್ತಿ ಸಿಗದ ಪದ. ಕೆಳಗಿನ ಗುಮಾಸ್ತ ಮೇಲಿನವರಿಗೆ ಟಿಪ್ಪಣಿ ಬರೆಯುವಾಗ ‘ಕರಡನ್ನು ಅನುಮೋದಿಸಬಹುದು’ ಎನ್ನುತ್ತಾನೆ, ಅದು ವಿನಂತಿ. ಮೇಲಿನವರು ಅದೇ ಪದವನ್ನು ಕೆಳಕ್ಕೆ ಬರೆದರೆ ಅದು ಆಜ್ಞೆ. ‘ನೀವಿನ್ನು ಹೊರಡಬಹುದು’ ಎಂದು ಹಿರಿಯರು ಹೇಳಿದರೆ ಇನ್ನೂ ಕುಳಿತಿರುವ ಆಯ್ಕೆ ಅಲ್ಲಿರುತ್ತದೆಯೆ? ಕನ್ನಡದ ಸುತ್ತೋಲೆಗಳು ಈ ತೊಡಕನ್ನು ‘ಕ್ರಮ ಕೈಗೊಳ್ಳುವುದು’ ಎಂಬ ಕರ್ತೃವಿಲ್ಲದ ರೂಪದಿಂದ ದಾಟಿವೆ. ನಮ್ಮ ಅಜ್ಜಂದಿರ ಕಾಗದಗಳ ‘ಕ್ಷೇಮಕ್ಕೆ ಬರೆಯುವುದು’ ಎಂಬುದೂ ಅದೇ ವರಸೆ. ಆದರೆ ಇಂಗ್ಲಿಷ್ ಕಡತದ ಅತ್ಯಂತ ಮಾರಕ ‘ಮೇ’ ಯಾವುದೆಂದರೆ ‘ಮೇ ಬಿ ಫೈಲ್ಡ್’ ಎಂಬುದು. ಕಡತಕ್ಕೆ ಸೇರಿಸಬಹುದು, ಎಂದರೆ ಇನ್ನು ಇದರ ಗೊಡವೆ ಬೇಡ. ಸಾರ್ವಜನಿಕರ ಎಷ್ಟೋ ಅರ್ಜಿಗಳು ತಿರಸ್ಕಾರವನ್ನೂ ಕಾಣದೆ ಈ ಮೂರು ಪದಗಳಲ್ಲಿ ಮಲಗಿವೆ. ಅರ್ಜಿ ಕೊಟ್ಟವರಿಗೆ ಅದು ತಿಳಿಯುವುದೂ ಇಲ್ಲ.

ಇದನ್ನು ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಬೇರೊಂದು ರಾಜ್ಯದಲ್ಲಿ ನಾನು ಸೇವೆಯಲ್ಲಿದ್ದಾಗ ಅಲ್ಲಿನ ಒಂದು ಪ್ರಾಥಮಿಕ ಶಾಲೆಯ ಕನ್ನಡ ವಿಭಾಗದ ಶಿಕ್ಷಕಿ ನಿವೃತ್ತರಾದರು. ನಲವತ್ತಾರು ಮಕ್ಕಳಿದ್ದರು, ಹೆಚ್ಚಿನವರು ಕಟ್ಟಡ ಕೆಲಸಕ್ಕೂ ಹೋಟೆಲು ಕೆಲಸಕ್ಕೂ ಬಂದ ಉತ್ತರ ಕರ್ನಾಟಕದ ಕುಟುಂಬಗಳವರು. ಹೊಸಬರನ್ನು ನೇಮಿಸಲಿಲ್ಲ. ಪೋಷಕರು ಸ್ಥಳೀಯ ಅಧಿಕಾರಿಗಳಿಗೆ ಅರ್ಜಿ ಬರೆದರು: ‘ದಯವಿಟ್ಟು ನಮ್ಮ ಬಡಮಕ್ಕಳ ಮೇಲೆ ಕೃಪೆಯಿಟ್ಟು ಶಿಕ್ಷಕರನ್ನು ಒದಗಿಸಬಹುದೆಂದು ಬೇಡಿಕೊಳ್ಳುತ್ತೇವೆ.’ ಎಂಟು ತಿಂಗಳು ಉತ್ತರವಿಲ್ಲ. ಕೊನೆಗೆ ಬಂದ ಒಂದು ಸಾಲಿನಲ್ಲಿ, ಮಕ್ಕಳನ್ನು ಪಕ್ಕದ ಬೇರೆ ಮಾಧ್ಯಮದ ತರಗತಿಗೆ ಸೇರಿಸಬಹುದು ಎಂದಿತ್ತು. ಬೇಡಿದ್ದು ಬಹುದು, ಸಿಕ್ಕಿದ್ದೂ ಬಹುದು.

ಅವರಲ್ಲೊಬ್ಬರು ಆ ಕಾಗದಗಳನ್ನು ನನ್ನ ಮನೆಗೆ ತಂದರು. ಸರ್ಕಾರಿ ನೌಕರನಾದ ನಾನು ಅರ್ಜಿಗೆ ಸಹಿ ಹಾಕುವಂತಿರಲಿಲ್ಲ. ಮುದ್ರಿತ ಸಂವಿಧಾನವನ್ನು ಓದಿ ಹೇಳುವುದಕ್ಕೆ ಯಾವ ನಡತೆ ನಿಯಮದ ಅಡ್ಡಿಯೂ ಇಲ್ಲ. 1956ರಲ್ಲಿ, ಭಾಷಾವಾರು ಪ್ರಾಂತಗಳ ಪುನರ್ವಿಂಗಡಣೆಯ ಜೊತೆಯಲ್ಲೇ, ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಅನುಚ್ಛೇದವನ್ನು ಅವರ ಮುಂದಿಟ್ಟೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಸೌಲಭ್ಯ ಒದಗಿಸುವುದು ಪ್ರತಿ ರಾಜ್ಯದ, ಪ್ರತಿ ಸ್ಥಳೀಯ ಸಂಸ್ಥೆಯ ಪ್ರಯತ್ನವಾಗಿರತಕ್ಕದ್ದು. ಅದಕ್ಕಾಗಿ ರಾಷ್ಟ್ರಪತಿ ರಾಜ್ಯಕ್ಕೆ ನಿರ್ದೇಶ ನೀಡಬಹುದು. ಎರಡೂ ಪದಗಳು ಒಂದೇ ಅನುಚ್ಛೇದದಲ್ಲಿವೆ. ಜನ ಸಾಮಾನ್ಯವಾಗಿ ರಾಷ್ಟ್ರಪತಿಯ ಹೆಸರಿಗೆ ಮರುಳಾಗಿ ಎರಡನೆಯದನ್ನು ಹಿಡಿಯುತ್ತಾರೆ. ಅಲ್ಲಿರುವುದು ‘ಮೇ’. ಹಿಡಿಯಬೇಕಾದದ್ದು ಮೊದಲನೆಯದನ್ನು, ಏಕೆಂದರೆ ಋಣವಿರುವುದು ಅಲ್ಲಿ. ಸಾಲಗಾರರು ರಾಜ್ಯ ಮತ್ತು ಸ್ಥಳೀಯ ಸಂಸ್ಥೆ.

ಆ ‘ಶಲ್’ ಕೂಡ ಪೂರ್ಣವಲ್ಲ ಎಂಬುದನ್ನು ಮರೆಮಾಚಲಾರೆ. ಒದಗಿಸತಕ್ಕದ್ದು ಎಂದಿಲ್ಲ, ಒದಗಿಸುವ ಪ್ರಯತ್ನವಾಗಿರತಕ್ಕದ್ದು ಎಂದಿದೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ 29ನೆಯ ಪ್ರಕರಣವೂ ಹೀಗೆಯೇ: ಬೋಧನಾ ಮಾಧ್ಯಮ ಕಾರ್ಯಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಾಗಿರತಕ್ಕದ್ದು. ಕೊಡಕ್ಕೆ ತಳದಲ್ಲೇ ತೂತು ಕೊರೆದು ಕೊಟ್ಟಂತೆ. ಆದರೂ ಪ್ರಯತ್ನಿಸುವುದೇ ಸಾಲವಾದಾಗ, ಏನು ಪ್ರಯತ್ನ ನಡೆದಿದೆ ಎಂದು ಲೆಕ್ಕ ಕೇಳುವ ಹಕ್ಕು ಸಾಲ ಸಲ್ಲಬೇಕಾದವರಿಗೆ ಬರುತ್ತದೆ. ಎರಡನೆಯ ಅರ್ಜಿಯಲ್ಲಿ ಕೃಪೆ, ಬಡತನ, ಬೇಡಿಕೆ ಯಾವುದೂ ಇರಲಿಲ್ಲ. 350ಎ ಪ್ರಕಾರ ಈ ಶಾಲೆಗೆ ಸಂಬಂಧಿಸಿ ಯಾವ ದಿನಾಂಕದಂದು ಯಾವ ಪ್ರಯತ್ನ ನಡೆದಿದೆ ಎಂಬ ಪ್ರಶ್ನೆಯಿತ್ತು. ಶಾಲೆಯಲ್ಲಿ ನಲವತ್ತು ಅಥವಾ ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ್ದ ಸೂತ್ರದ ಉಲ್ಲೇಖವಿತ್ತು. ಮಕ್ಕಳ ಹೆಸರಿನ ಪಟ್ಟಿಯಿತ್ತು. ಯಾವ ಅಹವಾಲನ್ನೂ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಪ್ರತಿಯೊಬ್ಬನೂ ಹಕ್ಕುಳ್ಳವನಾಗಿರತಕ್ಕದ್ದೆಂದು 350ನೆಯ ಅನುಚ್ಛೇದ ಹೇಳುತ್ತದೆ. ಅದರಂತೆ ಅರ್ಜಿ ಕನ್ನಡದಲ್ಲೇ ಇತ್ತು, ಜೊತೆಗೊಂದು ಇಂಗ್ಲಿಷ್ ಪ್ರತಿ. ಇನ್ನೊಂದು ಪ್ರತಿಯನ್ನು 350ಬಿ ಅನುಚ್ಛೇದದಡಿ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳುಹಿಸಿದರು. ಈ ಅಧಿಕಾರಿ ಇರತಕ್ಕದ್ದು, ಅವರು ರಾಷ್ಟ್ರಪತಿಗೆ ವರದಿ ಸಲ್ಲಿಸತಕ್ಕದ್ದು, ಆ ವರದಿಗಳನ್ನು ಸಂಸತ್ತಿನ ಮುಂದೆ ಇಡಿಸತಕ್ಕದ್ದು. ಮೂರೂ ‘ಶಲ್’ಗಳೇ.

ಈ ಬಾರಿ ಐದನೆಯ ವಾರದಲ್ಲಿ ಉತ್ತರ ಬಂತು. ಇನ್ನೊಂದು ಶಾಲೆಯಿಂದ ಒಬ್ಬ ಕನ್ನಡ ಶಿಕ್ಷಕರನ್ನು ವಾರಕ್ಕೆ ಮೂರು ದಿನ ನಿಯೋಜಿಸಿದರು. ಪೂರ್ಣಾವಧಿಯ ನೇಮಕಾತಿ ನಾನು ಆ ಊರು ಬಿಡುವವರೆಗೂ ಆಗಲಿಲ್ಲ; ಆ ವೇಳೆಗೆ ಹದಿಮೂರು ಮಕ್ಕಳು ಬೇರೆ ಮಾಧ್ಯಮಕ್ಕೆ ಹೋಗಿಯಾಗಿತ್ತು. ಮೂರು ದಿನದ ಶಿಕ್ಷಕರನ್ನು ಪಡೆದದ್ದನ್ನು ಗೆಲುವೆಂದು ನಾನು ಹೇಳುವುದಿಲ್ಲ. ಕಡತಕ್ಕೆ ಸೇರಿಸಬಹುದು ಎಂದು ಬರೆಯಲು ಮಾತ್ರ ಅದರಲ್ಲಿ ಅವಕಾಶವಿರಲಿಲ್ಲ.

ನಮ್ಮ ಪಾಲಿಗೆ ಮುಖ್ಯವಾದ ಎರಡು ತೀರ್ಪುಗಳನ್ನು ಹೇಳಿ ಮುಗಿಸುತ್ತೇನೆ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಣಯಿಸಬೇಕೆಂದಿತು. ಮಣಿಪಾಲದ ಕನ್ನಡ ನೆಲದಿಂದ ಹೊರಟ ಮೊಕದ್ದಮೆ ಮುಂಬಯಿಯ, ಹೈದರಾಬಾದಿನ, ಚೆನ್ನೈನ ಕನ್ನಡಿಗರಿಗೆ ಈ ಸ್ಥಾನವನ್ನು ಖಚಿತಪಡಿಸಿತು. 2014ರ ಮೇ 6ರಂದು ಐವರ ಸಂವಿಧಾನ ಪೀಠ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಮಾಡುವ ಅಧಿಕಾರವನ್ನು 350ಎ ಸರ್ಕಾರಕ್ಕೆ ಕೊಡುವುದಿಲ್ಲವೆಂದು ಕರ್ನಾಟಕ ಸರ್ಕಾರದ ವಿರುದ್ಧ ತೀರ್ಪಿತ್ತಿತು. ಕನ್ನಡದ ಮಾಧ್ಯಮನೀತಿಗೆ ಬಿದ್ದ ಆ ಪೆಟ್ಟಿನಿಂದ ನಾನೂ ನೊಂದವನೇ. ಆದರೆ ಹೊರನಾಡಿನಲ್ಲಿ ಕುಳಿತು ಅದನ್ನು ಓದಿದರೆ ಅದರಲ್ಲಿ ನಮಗೆ ಒದಗುವ ಒಂದು ಮಾತಿದೆ: ಆ ‘ಶಲ್’ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಕಟ್ಟುವುದಿಲ್ಲ, ಸೌಲಭ್ಯ ಒದಗಿಸಬೇಕಾದ ರಾಜ್ಯವನ್ನು ಕಟ್ಟುತ್ತದೆ. ಸಾಲಗಾರ ಯಾರೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಆದರೆ ಸಾಲವನ್ನು ಕೇಳುವವರೇ ಇಲ್ಲದಿದ್ದರೆ, ಎಂದರೆ ನಾವೇ ಮಕ್ಕಳನ್ನು ಕನ್ನಡ ತರಗತಿಗೆ ಕಳುಹಿಸದಿದ್ದರೆ, ಹತ್ತರ ಲೆಕ್ಕವೂ ಇಲ್ಲ, ನಲವತ್ತರ ಲೆಕ್ಕವೂ ಇಲ್ಲ. ಅದಕ್ಕೆ ಯಾವ ಪದವೂ ಹೊಣೆಯಲ್ಲ.

ಮೇಲೆ ಹೇಳಿದ ಎರಡನೆಯ ಅರ್ಜಿಯ ಕರಡನ್ನು, ಊರಿನ ಮತ್ತು ಶಾಲೆಯ ಹೆಸರು ತೆಗೆದು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆದೊಡನೆ ತರಗತಿವಾರು ಮಕ್ಕಳ ಎಣಿಕೆಯನ್ನು ಬರೆದಿಟ್ಟುಕೊಳ್ಳಿ. ಆ ಅಂಕಿಗಳಿಲ್ಲದೆ ಅರ್ಜಿಯನ್ನು ಕಳುಹಿಸಬೇಡಿ.